ಪಿಯಾನೊದಲ್ಲಿ ಮೈನರ್ ನೈನ್ತ್ ಕಾರ್ಡ್: ಕಟ್ಟುವ ಬಗೆ, ನುಡಿಸುವ ಬಗೆ

ಸಾಧಾರಣ ಮೈನರ್ ಕಾರ್ಡ್‌ಗಳನ್ನು ತಡವರಿಸದೆ ನುಡಿಸಬಲ್ಲವರು, ಜಾಝ್ ಮತ್ತು ಸೋಲ್ ಸಂಗೀತದಲ್ಲಿ ಕೇಳಿಬರುವ ಮೃದುವಾದ, ತುಸು ತೇಲುವಂತಹ ಮೈನರ್ ನಾದ ತಮ್ಮ ಕೈಯಲ್ಲಿ ಏಕೆ ಹುಟ್ಟುತ್ತಿಲ್ಲ ಎಂದು ಯೋಚಿಸುವುದುಂಟು. ಆ ನಾದದ ಹಿಂದೆ ಹಲವು ಸಲ ಇರುವುದು ಮೈನರ್ ನೈನ್ತ್ ಕಾರ್ಡ್. ಅದರ ಐದು ಸ್ವರಗಳನ್ನು ಗುರುತಿಸಲು ಹೆಚ್ಚು ಹೊತ್ತು ಬೇಕಿಲ್ಲ. ಆ ಐದನ್ನು ಎರಡು ಕೈಗಳಿಗೆ ಹೇಗೆ ಹಂಚಬೇಕು, ಯಾವ ಸ್ವರ ಯಾವುದರ ಪಕ್ಕದಲ್ಲಿರಬೇಕು ಎಂಬಲ್ಲಿಯೇ ನಿಜವಾದ ಅಭ್ಯಾಸವಿದೆ. ಅದರಲ್ಲೂ ಮೂಲಸ್ವರದಿಂದ ಸ್ಕೇಲ್‌ನಲ್ಲಿ ಎಣಿಸಿದಾಗ ಬರುವ ಮೂರನೆಯ ಸ್ವರಕ್ಕೂ (ಥರ್ಡ್) ಒಂಬತ್ತನೆಯ ಸ್ವರಕ್ಕೂ (ನೈನ್ತ್) ನಡುವೆ ಎಷ್ಟು ದೂರ ಬಿಡುತ್ತೇವೆ ಎಂಬುದು ಈ ಕಾರ್ಡ್‌ನ ಬಣ್ಣವನ್ನೇ ಬದಲಿಸುತ್ತದೆ. ಆದ್ದರಿಂದ ಲೇಖನದ ಹೆಚ್ಚಿನ ಭಾಗವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಐದು ಸ್ವರಗಳ ಲೆಕ್ಕ

ಎ ಮೈನರ್ ನೈನ್ತ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದರ ಐದೂ ಸ್ವರಗಳು ಬಿಳಿ ಕೀಗಳ ಮೇಲಿವೆ: ಎ, ಸಿ, ಇ, ಜಿ, ಬಿ. ಮೂಲಸ್ವರವಾದ ಎ ಯಿಂದ ಕಪ್ಪು ಬಿಳುಪು ಎನ್ನದೆ ಒಂದೊಂದು ಕೀಯನ್ನೂ ಒಂದೊಂದು ಸೆಮಿಟೋನ್ ಎಂದು ಎಣಿಸುತ್ತಾ ಮೇಲಕ್ಕೆ ಹೋದರೆ, 3 ಸೆಮಿಟೋನ್ ದಾಟಿದಾಗ ಮೈನರ್ ಥರ್ಡ್, 7ಕ್ಕೆ ಫಿಫ್ತ್, 10ಕ್ಕೆ ಮೈನರ್ ಸೆವೆಂತ್, 14ಕ್ಕೆ ನೈನ್ತ್ ಸಿಗುತ್ತವೆ. ಒಂದು ಸ್ವರದಿಂದ ಮುಂದಿನ ಸ್ವರಕ್ಕಿರುವ ಅಂತರವನ್ನು ಮಾತ್ರ ಲೆಕ್ಕ ಹಾಕಿದರೆ 3, 4, 3, 4 ಎಂಬ ಸರಳ ಕ್ರಮ ಕಾಣುತ್ತದೆ. ಯಾವ ಮೂಲಸ್ವರದಿಂದ ಆರಂಭಿಸಿದರೂ ಈ ಕ್ರಮ ಬದಲಾಗುವುದಿಲ್ಲವಾದ್ದರಿಂದ, ಹನ್ನೆರಡು ಕಾರ್ಡ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ನಾಲ್ಕು ಅಂಕಿಗಳನ್ನು ನೆನಪಿಡುವುದು ಹೆಚ್ಚು ಪ್ರಯೋಜನಕಾರಿ.

ಕರ್ನಾಟಕ ಸಂಗೀತ ಬಲ್ಲವರಿಗೆ ಇನ್ನೊಂದು ದಾರಿಯೂ ಇದೆ. ಮೂಲಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಈ ಕಾರ್ಡ್‌ನಲ್ಲಿರುವುದು ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕೈಶಿಕಿ ನಿಷಾದ ಮತ್ತು ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ. ಐದೂ ಖರಹರಪ್ರಿಯ ರಾಗದಲ್ಲಿ ಬರುವ ಸ್ವರಗಳೇ.

ಹೆಸರಿನಲ್ಲಿರುವ ಮೈನರ್ ಎಂಬ ಮಾತು ಅನ್ವಯವಾಗುವುದು ಮೂರನೆಯ ಸ್ವರಕ್ಕೆ. ಒಂಬತ್ತನೆಯ ಸ್ವರ ಇಲ್ಲಿ ಮೇಜರ್ ನೈನ್ತ್, ಅಂದರೆ ಮೂಲಸ್ವರಕ್ಕಿಂತ 14 ಸೆಮಿಟೋನ್ ಮೇಲಿನದು. ಇದನ್ನು ಗಮನಿಸದೆ 13 ಸೆಮಿಟೋನ್ ಎಣಿಸಿ, ಬಿ ಬದಲು ಬಿ ಫ್ಲ್ಯಾಟ್ ಒತ್ತುವ ಕಲಿಕೆಗಾರರು ಅನೇಕರಿದ್ದಾರೆ. ಹಾಗೆ ಒತ್ತಿದಾಗ ಹೊರಡುವ ಗಡುಸಾದ, ಉದ್ವಿಗ್ನ ನಾದಕ್ಕೆ ಬೇರೆ ಸ್ಥಾನವಿದೆ: ಅದು ಮುಖ್ಯವಾಗಿ ಡಾಮಿನೆಂಟ್ ಸೆವೆಂತ್ ಕಾರ್ಡ್‌ಗಳ (ಮೇಜರ್ ಥರ್ಡ್ ಜೊತೆ ಮೈನರ್ ಸೆವೆಂತ್ ಇರುವಂಥವು) ಮೇಲೆ ಬರುವ ಫ್ಲ್ಯಾಟ್ ನೈನ್ತ್. ಹಾಗೆಯೇ, ಸೆವೆಂತ್ ಇಲ್ಲದೆ ಎ, ಸಿ, ಇ, ಬಿ ಎಂಬ ನಾಲ್ಕನ್ನು ಮಾತ್ರ ನುಡಿಸಿದರೆ ಅದು ಮೈನರ್ ಆ್ಯಡ್ ನೈನ್. ಜಿ ಬದಲು ಜಿ ಶಾರ್ಪ್ ಇಟ್ಟರೆ ಮೈನರ್ ಮೇಜರ್ ನೈನ್ತ್. ಈ ನೆರೆಯ ಕಾರ್ಡ್‌ಗಳನ್ನು ಒಮ್ಮೆ ಒಂದರ ಹಿಂದೆ ಒಂದರಂತೆ ನುಡಿಸಿ ಕೇಳಿದರೆ, ಮುಂದೆ ಕಾರ್ಡ್ ಚಿಹ್ನೆಗಳನ್ನು ಓದುವಾಗ ಗೊಂದಲವಾಗುವುದಿಲ್ಲ. ಚಿಹ್ನೆಯಲ್ಲಿ ಮೂಲಸ್ವರದ ದೊಡ್ಡ ಅಕ್ಷರದ ಮುಂದೆ ಚಿಕ್ಕ ಎಮ್ ಅಕ್ಷರ ಅಥವಾ ಒಂದು ಅಡ್ಡಗೆರೆ, ಅದರ ಪಕ್ಕದಲ್ಲಿ 9 ಎಂಬ ಅಂಕಿ ಇದ್ದರೆ ಅದು ನಮ್ಮ ಕಾರ್ಡ್. ಸೆವೆಂತ್ ಇದೆಯೆಂದು ಬೇರೆಯಾಗಿ ಹೇಳಿರುವುದಿಲ್ಲ, ಇದ್ದೇ ಇರುತ್ತದೆ.

ಬಲಗೈಯಲ್ಲಿ ಒಂದು ಮೇಜರ್ ಸೆವೆಂತ್

ಎ ಮೈನರ್ ನೈನ್ತ್‌ನಿಂದ ಮೂಲಸ್ವರವನ್ನು ತೆಗೆದುಬಿಟ್ಟರೆ ಉಳಿಯುವುದು ಸಿ, ಇ, ಜಿ, ಬಿ. ಇದು ಸಿ ಮೇಜರ್ ಸೆವೆಂತ್ ಕಾರ್ಡ್. ನನ್ನ ದೃಷ್ಟಿಯಲ್ಲಿ ಈ ಕಾರ್ಡನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ: ಎಡಗೈಯಲ್ಲಿ ಮೂಲಸ್ವರ, ಬಲಗೈಯಲ್ಲಿ ಅದಕ್ಕಿಂತ 3 ಸೆಮಿಟೋನ್ ಮೇಲಿನ ಸ್ವರದ ಮೇಜರ್ ಸೆವೆಂತ್.

ಬಲಗೈಯ ಹೆಬ್ಬೆರಳನ್ನು ಮಧ್ಯ ಸಿ ಮೇಲೆ, ತೋರುಬೆರಳನ್ನು ಇ ಮೇಲೆ, ನಡುಬೆರಳನ್ನು ಜಿ ಮೇಲೆ, ಕಿರುಬೆರಳನ್ನು ಬಿ ಮೇಲೆ ಇರಿಸಿ. ಉಂಗುರದ ಬೆರಳು ಯಾವ ಕೀಯನ್ನೂ ಒತ್ತದೆ ಸಡಿಲವಾಗಿರಲಿ. ಎಡಗೈಯ ಕಿರುಬೆರಳಿನಿಂದ ಮೊದಲು ಮಧ್ಯ ಸಿ ಗಿಂತ ಎರಡು ಸ್ಥಾಯಿ ಕೆಳಗಿನ ಸಿ ಒತ್ತಿ, ಬಲಗೈಯ ನಾಲ್ಕು ಸ್ವರಗಳನ್ನು ಅದರ ಮೇಲೆ ನುಡಿಸಿ. ನಾದ ತಿಳಿಯಾಗಿ, ನೆಲೆನಿಂತಂತೆ ಕೇಳುತ್ತದೆ. ಈಗ ಬಲಗೈಯನ್ನು ಕದಲಿಸದೆ ಎಡಗೈಯನ್ನು ಮಾತ್ರ ಮಧ್ಯ ಸಿ ಯ ಕೆಳಗಿನ ಎರಡನೆಯ ಎ ಗೆ ಸರಿಸಿ, ಮತ್ತೆ ಎರಡೂ ಕೈಗಳಲ್ಲಿ ನುಡಿಸಿ. ಬಲಗೈಯಲ್ಲಿ ಏನೂ ಬದಲಾಗಿಲ್ಲ, ಆದರೂ ಬಿ ಸ್ವರದ ಸ್ವಭಾವವೇ ಬೇರೆಯಾಗಿದೆ. ಮೊದಲು ಮೇಜರ್ ಸೆವೆಂತ್ ಆಗಿದ್ದ ಅದು ಈಗ ನೈನ್ತ್ ಆಗಿ, ಮೈನರ್‌ನ ಮಬ್ಬಿನ ಮೇಲೆ ಬೆಳಕು ಚೆಲ್ಲಿದಂತೆ ಕೇಳುತ್ತದೆ. ಸಿ ಮತ್ತು ಎ ನಡುವೆ ಎಡಗೈಯನ್ನು ನಿಧಾನವಾಗಿ ಅತ್ತಿತ್ತ ಸರಿಸುತ್ತಾ ಈ ಬದಲಾವಣೆ ಕಿವಿಗೆ ಪಳಗುವವರೆಗೂ ಕೇಳಬೇಕು. ಈ ಒಂದು ಪ್ರಯೋಗಕ್ಕೆ ಎಷ್ಟು ಸಮಯ ಕೊಟ್ಟರೂ ಅದು ವ್ಯರ್ಥವಲ್ಲ.

ಈ ಕಾರ್ಡ್‌ನೊಳಗೆ ಒಂದರ ಮೇಲೊಂದು ಹೊದಿಸಿದಂತೆ ಮೂರು ಟ್ರಯಾಡ್‌ಗಳು, ಅಂದರೆ ಮೂರು ಸ್ವರಗಳ ಕಾರ್ಡ್‌ಗಳು, ಇರುವುದನ್ನೂ ಇಲ್ಲಿಯೇ ಗಮನಿಸಬಹುದು: ಎ ಸಿ ಇ, ಸಿ ಇ ಜಿ, ಇ ಜಿ ಬಿ. ಎರಡು ಮೈನರ್‌ಗಳ ನಡುವೆ ಒಂದು ಮೇಜರ್ ಇರುವುದರಿಂದಲೇ ಮೈನರ್ ನೈನ್ತ್ ಪೂರ್ತಿ ವಿಷಾದಕ್ಕೂ ಇಳಿಯದೆ, ಪೂರ್ತಿ ಪ್ರಸನ್ನತೆಗೂ ಏರದೆ ನಡುವೆ ನಿಲ್ಲುತ್ತದೆ ಎಂದು ನನಗೆ ತೋರುತ್ತದೆ.

ಎಡಗೈಗೆ ಎಷ್ಟು ಸ್ವರ

ಆರಂಭದಲ್ಲಿ ಎಡಗೈಗೆ ಮೂಲಸ್ವರ ಒಂದೇ ಸಾಕು. ನಂತರ ಮೂಲಸ್ವರ ಮತ್ತು ಫಿಫ್ತ್, ಅಥವಾ ಮೂಲಸ್ವರ ಮತ್ತು ಸೆವೆಂತ್ ಜೋಡಿಯನ್ನು ಪ್ರಯತ್ನಿಸಬಹುದು. ಇವೆರಡರಲ್ಲಿ ನಾನು ಹೆಚ್ಚಾಗಿ ಆರಿಸುವುದು ಸೆವೆಂತ್ ಜೋಡಿಯನ್ನು. ಫಿಫ್ತ್ ಬಲ ತುಂಬುತ್ತದೆಯೇ ಹೊರತು ಹೊಸ ಬಣ್ಣವನ್ನೇನೂ ಸೇರಿಸುವುದಿಲ್ಲ. ಎಡಗೈ ಸೆವೆಂತ್ ಹಿಡಿದಾಗ ಬಲಗೈಗೆ ಸಿ, ಇ, ಬಿ ಎಂಬ ಮೂರು ಸ್ವರ ಸಾಕಾಗುತ್ತವೆ, ಹೀಗೆ ಹಗುರವಾದ ಕೈಗೆ ರಾಗವನ್ನು, ಅಂದರೆ ಹಾಡಿನ ಮಟ್ಟನ್ನು, ನಡೆಸುವ ಸ್ವಾತಂತ್ರ್ಯವೂ ಸಿಗುತ್ತದೆ.

ಮಂದ್ರ ಭಾಗದಲ್ಲಿ ಮೂಲಸ್ವರದ ಪಕ್ಕದಲ್ಲೇ ಮೈನರ್ ಥರ್ಡ್ ಇಡುವುದನ್ನು ಮಾತ್ರ ಬಿಡಬೇಕು. ಮಧ್ಯ ಸಿ ಯ ಕೆಳಗಿನ ಎರಡನೆಯ ಎ ಸ್ವರದ ಕಂಪನ ಸೆಕೆಂಡಿಗೆ 110. ಅದರ ಮೇಲಿನ ಸಿ ಸ್ವರದ್ದು ಸುಮಾರು 131. ಇಷ್ಟು ಕೆಳಗಿನ ಸ್ವರಗಳು ಇಷ್ಟು ಹತ್ತಿರವಿದ್ದಾಗ ಕಿವಿ ಅವನ್ನು ಬಿಡಿಸಿ ಕೇಳಲಾರದೆ ಒಂದು ಗುಂಯ್‌ಗುಡುವ ಮೊತ್ತವಾಗಿ ಗ್ರಹಿಸುತ್ತದೆ. ಅದೇ ಎರಡು ಸ್ವರಗಳನ್ನು ಎರಡು ಸ್ಥಾಯಿ ಮೇಲೆ ನುಡಿಸಿದರೆ ಮೈನರ್ ಥರ್ಡ್ ಸ್ಪಷ್ಟವಾಗಿ, ಸಿಹಿಯಾಗಿ ಕೇಳುತ್ತದೆ. ಐದೂ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತೊತ್ತಾಗಿ ಜೋಡಿಸಿದ ಕಾರ್ಡ್ ಪುಸ್ತಕದ ಪುಟದಲ್ಲಿ ಚೆನ್ನಾಗಿ ಕಂಡರೂ ಪಿಯಾನೊದ ಕೆಳಭಾಗದಲ್ಲಿ ಮಂಕಾಗುವುದು ಈ ಕಾರಣಕ್ಕೆ.

ಎಡಗೈಯ ಇನ್ನೊಂದು ಸುಂದರ ಜೋಡಣೆಯೆಂದರೆ ಎ, ಇ, ಬಿ: ಫಿಫ್ತ್ ಮೇಲೆ ಫಿಫ್ತ್. ಆದರೆ ಸಾಮಾನ್ಯ ಪಿಯಾನೊದಲ್ಲಿ ಒಂದು ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರ್ ಇರುವುದರಿಂದ, ಎ ಕೀಯ ನಡುವಿನಿಂದ ನೈನ್ತ್ ಆದ ಬಿ ಕೀಯ ನಡುವಿಗೆ 188 ಮಿಲಿಮೀಟರ್‌ನಷ್ಟು ದೂರವಾಗುತ್ತದೆ. ಎಲ್ಲರ ಕೈಯೂ ಅಷ್ಟು ಚಾಚುವುದಿಲ್ಲ, ಬಲವಂತವಾಗಿ ಚಾಚಿ ನೋವು ತಂದುಕೊಳ್ಳುವ ಅಗತ್ಯವೂ ಇಲ್ಲ. ನಾದವನ್ನು ಹಿಡಿದಿಡುವ ಬಲಬದಿಯ ಪೆಡಲ್ ಒತ್ತಿ ಹಿಡಿದು ಎ, ಇ, ಬಿ ಸ್ವರಗಳನ್ನು ಒಂದಾದ ಮೇಲೊಂದರಂತೆ ಕಿರುಬೆರಳು, ತೋರುಬೆರಳು, ಹೆಬ್ಬೆರಳಿನಿಂದ ನುಡಿಸಿ, ಕೈಯನ್ನು ಅವುಗಳ ಜೊತೆಗೇ ಮೇಲಕ್ಕೆ ಸಾಗಿಸಿದರೆ ಮೂರೂ ಒಟ್ಟಿಗೆ ಮೊಳಗುತ್ತವೆ. ನಿಧಾನಗತಿಯ ಹಾಡುಗಳಿಗೆ ಈ ಕ್ರಮವೇ ಹೆಚ್ಚು ಹೊಂದುತ್ತದೆ.

ಮೂರನೆಯ ಸ್ವರ, ಒಂಬತ್ತನೆಯ ಸ್ವರ

ಎ ಮೈನರ್ ನೈನ್ತ್‌ನಲ್ಲಿ ಮೂರನೆಯದು ಸಿ, ಒಂಬತ್ತನೆಯದು ಬಿ. ಕೀಲಿಮಣೆಯ ಮೇಲೆ ಈ ಎರಡು ಅಕ್ಕಪಕ್ಕದ ಸ್ವರಗಳು, ನಡುವೆ ಕಪ್ಪು ಕೀ ಕೂಡ ಇಲ್ಲ. ಕಾರ್ಡ್‌ನ ಉಳಿದ ಸ್ವರಗಳೆಲ್ಲ ಒಂದಕ್ಕೊಂದು ಸುಲಭವಾಗಿ ಹೊಂದಿಕೊಳ್ಳುವಂಥವು. ಘರ್ಷಣೆ ಇರುವುದು ಈ ಜೋಡಿಯಲ್ಲಿ ಮಾತ್ರ. ಇವನ್ನು ಮೂರು ರೀತಿಯಲ್ಲಿ ಇರಿಸಲು ಸಾಧ್ಯವಿದೆ ಮತ್ತು ಮೂರರ ಪರಿಣಾಮವೂ ಬೇರೆ ಬೇರೆ.

ಮೊದಲನೆಯದು, ಸಿ ಕೆಳಗೆ, ಬಿ ಮೇಲೆ. ಮೇಲೆ ಹೇಳಿದ ಸಿ, ಇ, ಜಿ, ಬಿ ಜೋಡಣೆ ಇದೇ. ಎರಡರ ನಡುವೆ 11 ಸೆಮಿಟೋನ್ ಅಂತರವಿರುವುದರಿಂದ ಘರ್ಷಣೆ ಕರಗಿ ಹೊಳಪಾಗಿ ಪರಿಣಮಿಸುತ್ತದೆ. ಕಾರ್ಡ್ ವಿಶಾಲವಾಗಿ, ಶಾಂತವಾಗಿ ಕೇಳಬೇಕಾದಲ್ಲಿ ಇದನ್ನು ಬಳಸಬೇಕು.

ಎರಡನೆಯದು, ಬಿ ಮತ್ತು ಸಿ ಒತ್ತಾಗಿ, ಒಂದೇ ಸೆಮಿಟೋನ್ ಅಂತರದಲ್ಲಿ. ಬಲಗೈಯ ಹೆಬ್ಬೆರಳು ಜಿ ಮೇಲೆ, ತೋರುಬೆರಳು ಬಿ ಮೇಲೆ, ನಡುಬೆರಳು ಸಿ ಮೇಲೆ, ಕಿರುಬೆರಳು ಇ ಮೇಲೆ ಬರುವ ಜೋಡಣೆ ಇದು. ಒಳಗೆ ಅಡಗಿರುವ ಆ ಸೆಮಿಟೋನ್ ಕಾರ್ಡ್‌ಗೆ ಒಂದು ಬಿಸುಪು, ಒಂದು ಬಿಗಿ ತಂದುಕೊಡುತ್ತದೆ. ಮೈನರ್ ನೈನ್ತ್‌ನ ಗುರುತೇ ಆ ಬಿಗಿ ಎನ್ನುವವರ ಪಕ್ಷ ನನ್ನದು. ಇದನ್ನು ನುಡಿಸುವಾಗ ತೋರುಬೆರಳು ಮತ್ತು ನಡುಬೆರಳಿಗೆ ಸಮಾನ ಒತ್ತು ಕೊಟ್ಟರೆ ನಾದ ಗೀರಿದಂತಾಗುವುದುಂಟು. ಸಿ ಸ್ವರವನ್ನು ತುಸು ಗಟ್ಟಿಯಾಗಿ, ಬಿ ಸ್ವರವನ್ನು ತುಸು ಮೆಲ್ಲಗೆ ಒತ್ತಿದರೆ ನೈನ್ತ್ ತಾನಾಗಿ ಥರ್ಡ್‌ನ ನೆರಳಿನಲ್ಲಿ ನಿಲ್ಲುತ್ತದೆ. ಒಂದೇ ಕೈಯ ಎರಡು ನೆರೆಬೆರಳುಗಳಿಗೆ ಬೇರೆ ಬೇರೆ ಭಾರ ಕೊಡುವುದು ಮೊದಲಿಗೆ ಕಠಿಣ. ಆ ಎರಡು ಸ್ವರಗಳನ್ನು ಮಾತ್ರ ಹಿಡಿದು, ಒಂದನ್ನು ಗಟ್ಟಿಯಾಗಿ ಇನ್ನೊಂದನ್ನು ಮೆಲ್ಲಗೆ, ಅನಂತರ ಅದಲುಬದಲಾಗಿ ನುಡಿಸಿ ಪಳಗಿಸಿಕೊಳ್ಳಬೇಕು.

ಮೂರನೆಯದು, ಬಿ ಕೆಳಗೆ, ಸಿ ಒಂದು ಸ್ಥಾಯಿ ಮತ್ತು ಒಂದು ಸೆಮಿಟೋನ್ ಮೇಲೆ. ಉದಾಹರಣೆಗೆ ಬಲಗೈಯಲ್ಲಿ ಬಿ, ಇ, ಜಿ, ಸಿ. ಇಲ್ಲಿ ಎರಡರ ನಡುವೆ 13 ಸೆಮಿಟೋನ್ ಬಂದು, ಅಂಚಿನ ಸ್ವರಗಳು ಬಯಲಾಗಿ ತಿಕ್ಕಾಡುತ್ತವೆ. ನುಡಿಸಿದವರು ಸ್ವರ ತಪ್ಪಿದರೇನೋ ಎಂದು ಕೇಳುಗರಿಗೆ ಅನ್ನಿಸುವಂತಹ ನಾದ ಅದು. ಬೇಕೆಂದೇ ಆ ಕರ್ಕಶತೆಯನ್ನು ಹುಡುಕುವ ಸಂದರ್ಭ ಬಿಟ್ಟರೆ ಈ ಜೋಡಣೆಯಿಂದ ದೂರವಿರುವುದು ಲೇಸು.

ಈ ತಿಳಿವಳಿಕೆ ಹಾಡಿನ ರಾಗಕ್ಕೆ ಕಾರ್ಡ್ ಕೂಡಿಸುವಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ. ರಾಗ ಫಿಫ್ತ್ ಮೇಲೆ, ಸೆವೆಂತ್ ಮೇಲೆ ಅಥವಾ ನೈನ್ತ್ ಮೇಲೆ ನಿಂತಾಗ ಯಾವ ತೊಡಕೂ ಇಲ್ಲ. ರಾಗವೇ ಥರ್ಡ್ ಮೇಲೆ, ಅಂದರೆ ಸಿ ಮೇಲೆ ನಿಂತಾಗ ಮಾತ್ರ ಎಚ್ಚರ ಬೇಕು: ಅದರ ಕೆಳಗೆ ಒತ್ತಾಗಿ ಬಿ ಇಟ್ಟರೆ ರಾಗದ ಸ್ವರ ಮಸುಕಾಗುತ್ತದೆ, ಒಂದು ಸ್ಥಾಯಿ ಕೆಳಗೆ ಇಳಿಸಿದರೆ ಮೇಲೆ ಹೇಳಿದ 13 ಸೆಮಿಟೋನ್‌ಗಳ ತಿಕ್ಕಾಟ ಬರುತ್ತದೆ. ಅಲ್ಲಿ ನೈನ್ತ್ ಬಿಟ್ಟು ಸಾಧಾರಣ ಮೈನರ್ ಸೆವೆಂತ್ ನುಡಿಸುವುದೇ ಸರಿಯಾದ ಆಯ್ಕೆ. ಬರೆದ ಚಿಹ್ನೆಯಲ್ಲಿ 9 ಎಂದಿದ್ದರೂ ಸಹ.

ಸ್ವರ ಬಿಡುವ ಕ್ರಮ

ಐದು ಸ್ವರಗಳನ್ನೂ ಸದಾ ನುಡಿಸಬೇಕೆಂಬ ನಿಯಮವೇನೂ ಇಲ್ಲ. ಮೊದಲು ಬಿಡಬಹುದಾದದ್ದು ಫಿಫ್ತ್. ಬಾಸ್ ನುಡಿಸುವವರು ಜೊತೆಗಿದ್ದರೆ ಮೂಲಸ್ವರವನ್ನೂ ಅವರಿಗೇ ಬಿಡಬಹುದು. ಥರ್ಡ್, ಸೆವೆಂತ್ ಮತ್ತು ನೈನ್ತ್ ಉಳಿದರೆ ಕಾರ್ಡ್‌ನ ಗುರುತು ಉಳಿಯಿತು. ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ (1929–1980) ತಮ್ಮ ಟ್ರಯೋಗಳಲ್ಲಿ (ಮೂವರ ತಂಡಗಳಲ್ಲಿ) ಮೂಲಸ್ವರವಿಲ್ಲದ ಜೋಡಣೆಗಳನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ರಾಗಕ್ಕೆ ಬಿಟ್ಟ ಕ್ರಮ ಮುಂದಿನ ಪೀಳಿಗೆಯ ವಾದಕರಿಗೆಲ್ಲ ಪಾಠವಾಯಿತು. ಸಿ, ಇ, ಜಿ, ಬಿ ಮತ್ತು ಜಿ, ಬಿ, ಸಿ, ಇ ಎಂಬ ನಮ್ಮ ಎರಡು ಜೋಡಣೆಗಳೇ ಆ ಕ್ರಮದ ಬುನಾದಿ. ಎಡಗೈಯಲ್ಲಿ ಇವನ್ನು ಮಧ್ಯ ಸಿ ಯ ಆಸುಪಾಸಿನಲ್ಲಿ ನುಡಿಸಬೇಕು. ತೀರ ಕೆಳಗಿಳಿದರೆ ಮಬ್ಬು, ತೀರ ಮೇಲೇರಿದರೆ ರಾಗಕ್ಕೆ ಅಡ್ಡಿ.

ಹನ್ನೆರಡು ಕಾರ್ಡ್‌ಗಳಿಗೆ ಸಾಗುವ ದಾರಿ

ಮೈನರ್ ನೈನ್ತ್‌ಗಳನ್ನು ಎಷ್ಟು ಕಪ್ಪು ಕೀಗಳಿವೆ ಎಂಬುದರ ಮೇಲೆ ಗುಂಪು ಮಾಡಿದರೆ ಕೈಗೆ ಅವು ಬೇಗ ಪರಿಚಿತವಾಗುತ್ತವೆ. ಎ ಮತ್ತು ಡಿ ಪೂರ್ತಿ ಬಿಳಿ. ಇ ಮತ್ತು ಜಿ ಗಳಲ್ಲಿ ಒಂದೊಂದು ಕಪ್ಪು ಕೀ. ಬಿ, ಸಿ ಮತ್ತು ಎಫ್‌ಗಳಲ್ಲಿ ಎರಡೆರಡು. ಎಫ್ ಶಾರ್ಪ್, ಸಿ ಶಾರ್ಪ್ ಮತ್ತು ಬಿ ಫ್ಲ್ಯಾಟ್‌ಗಳಲ್ಲಿ ಮೂರು ಮೂರು. ಇ ಫ್ಲ್ಯಾಟ್ ಮತ್ತು ಜಿ ಶಾರ್ಪ್‌ಗಳಲ್ಲಿ ನಾಲ್ಕು ನಾಲ್ಕು. ಕೊನೆಯ ಎರಡರಲ್ಲಿ ಬಿಳಿ ಕೀ ಒಂದೊಂದೇ: ಇ ಫ್ಲ್ಯಾಟ್ ಮೈನರ್ ನೈನ್ತ್‌ನಲ್ಲಿ ಎಫ್, ಜಿ ಶಾರ್ಪ್ ಮೈನರ್ ನೈನ್ತ್‌ನಲ್ಲಿ ಬಿ.

ಗುಂಪು ತಿಳಿದ ಮೇಲೆ ಅಭ್ಯಾಸಕ್ಕೆ ನಾನು ಸೂಚಿಸುವುದು ಒಂದೇ ಒಂದು ಪಾಠ, ಆದರೆ ಅದನ್ನು ನಿತ್ಯವೂ ಮಾಡಬೇಕು. ಮೂಲಸ್ವರವನ್ನು ಎ, ಡಿ, ಜಿ, ಸಿ, ಎಫ್, ಬಿ ಫ್ಲ್ಯಾಟ್ ಎಂಬ ಕ್ರಮದಲ್ಲಿ, ಪ್ರತಿ ಸಲ 5 ಸೆಮಿಟೋನ್ ಮೇಲಿನ ಸ್ವರಕ್ಕೆ ಸಾಗಿಸಿ, ಬಲಗೈಯಲ್ಲಿ ಎರಡು ಜೋಡಣೆಗಳನ್ನು ಒಂದಾದ ಮೇಲೊಂದರಂತೆ ಬಳಸಬೇಕು. ಮಧ್ಯ ಸಿ ಯ ಮೇಲಿನ ಜಿ ಯಿಂದ ಆರಂಭಿಸಿ ಎ ಮೈನರ್ ನೈನ್ತ್‌ಗೆ ಜಿ, ಬಿ, ಸಿ, ಇ ಹಿಡಿಯಿರಿ. ಕೆಳಗಿನ ಎರಡು ಬೆರಳುಗಳನ್ನು ಮಾತ್ರ ಎರಡೆರಡು ಸೆಮಿಟೋನ್ ಇಳಿಸಿದರೆ ಎಫ್, ಎ, ಸಿ, ಇ ಬರುತ್ತದೆ. ಇದು ಡಿ ಮೈನರ್ ನೈನ್ತ್. ಈಗ ಮೇಲಿನ ಎರಡನ್ನು ಮಾತ್ರ ಅಷ್ಟೇ ಇಳಿಸಿದರೆ ಎಫ್, ಎ, ಬಿ ಫ್ಲ್ಯಾಟ್, ಡಿ ಬಂದು ಜಿ ಮೈನರ್ ನೈನ್ತ್ ಆಗುತ್ತದೆ. ಮತ್ತೆ ಕೆಳಗಿನ ಎರಡು ಇಳಿದರೆ ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್, ಡಿ. ಇದು ಸಿ ಮೈನರ್ ನೈನ್ತ್. ಹೀಗೆ ಪ್ರತಿ ಸಲವೂ ಎರಡು ಸ್ವರ ನಿಂತು, ಎರಡು ಸ್ವರ ಇಳಿಯುತ್ತಾ ಹನ್ನೆರಡು ಮೂಲಸ್ವರಗಳೂ ಮುಗಿದು ಮತ್ತೆ ಎ ಗೆ ಬಂದಾಗ ಬಲಗೈ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಬಂದು ನಿಂತಿರುತ್ತದೆ. ಎಲ್ಲಿಯಾದರೂ ಬೇರೆ ಕಡೆ ತಲುಪಿದ್ದರೆ ದಾರಿಯಲ್ಲಿ ಎಣಿಕೆ ತಪ್ಪಿದೆ ಎಂದರ್ಥ. ಪಾಠ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ.

ಸಂಗೀತದೊಳಗೆ ಬಳಸುವಾಗ

ಸಿ ಮೇಜರ್ ಸ್ಕೇಲ್‌ನ ಬಿಳಿ ಕೀಗಳಿಂದಲೇ ಹುಟ್ಟುವ ಮೈನರ್ ನೈನ್ತ್‌ಗಳು ಎರಡು: ಡಿ ಮತ್ತು ಎ. ಇ ಮೈನರ್ ಸೆವೆಂತ್ ಮೇಲೆ ಅದೇ ಬಿಳಿ ಕೀಗಳ ಒಂಬತ್ತನೆಯ ಸ್ವರ ಇಟ್ಟರೆ ಅದು ಎಫ್, ಮೂಲಸ್ವರಕ್ಕಿಂತ 13 ಸೆಮಿಟೋನ್ ಮೇಲಿನದು. ಎಫ್ ಶಾರ್ಪ್ ಇಟ್ಟರೆ ಸ್ಕೇಲ್‌ನಿಂದ ಹೊರಗೆ ಹೋದಂತೆ. ಹೀಗಾಗಿ ಮೇಜರ್ ಸ್ಕೇಲ್‌ನ ಮೂರನೆಯ ಕಾರ್ಡನ್ನು ಸೆವೆಂತ್‌ಗೇ ನಿಲ್ಲಿಸುವುದು ಸುರಕ್ಷಿತ. ಮೈನರ್ ಕಾರ್ಡ್ ಕಂಡಲ್ಲೆಲ್ಲ ನೈನ್ತ್ ಸೇರಿಸುವ ಉತ್ಸಾಹ ಹೊಸದಾಗಿ ಕಲಿತವರಲ್ಲಿ ಸಹಜವಾದರೂ, ಆ ಹೊತ್ತಿನ ರಾಗ ಯಾವ ಸ್ವರಗಳಲ್ಲಿ ನಡೆಯುತ್ತಿದೆ ಎಂದು ನೋಡದೆ ಸೇರಿಸಬಾರದು.

ಡಿ ಮೈನರ್ ನೈನ್ತ್‌ನಿಂದ ಜಿ ಡಾಮಿನೆಂಟ್‌ಗೆ, ಅಲ್ಲಿಂದ ಸಿ ಮೇಜರ್‌ಗೆ ಸಾಗುವ ನಡೆ ಬಹಳ ಬಳಕೆಯಲ್ಲಿದೆ. ಎಡಗೈ ಡಿ, ಜಿ, ಸಿ ಎಂದು ಮೂಲಸ್ವರಗಳನ್ನು ನುಡಿಸುತ್ತಿರಲಿ. ಬಲಗೈಯಲ್ಲಿ ಮೊದಲು ಎಫ್, ಎ, ಸಿ, ಇ. ಅನಂತರ ಸಿ ಒಂದನ್ನು ಮಾತ್ರ ಬಿ ಗೆ ಇಳಿಸಿ ಎಫ್, ಎ, ಬಿ, ಇ. ಕೊನೆಗೆ ಬಿ ಯನ್ನು ಅಲ್ಲಿಯೇ ಉಳಿಸಿ ಉಳಿದ ಮೂರನ್ನು ಇಳಿಸಿ ಇ, ಜಿ, ಬಿ, ಡಿ. ನಡುವಿನ ಕಾರ್ಡ್ ಜಿ ಥರ್ಟೀನ್ತ್, ಕೊನೆಯದು ಸಿ ಮೇಜರ್ ನೈನ್ತ್. ಒಂದೇ ಬೆರಳಿನ ಒಂದು ಸೆಮಿಟೋನ್ ಚಲನೆಯಿಂದ ಕಾರ್ಡ್ ಬದಲಾಗುವುದನ್ನು ಕೈಯೂ ಕಿವಿಯೂ ಒಟ್ಟಿಗೆ ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎ ಮೈನರ್ ಸ್ಕೇಲ್‌ನ ಹಾಡುಗಳಲ್ಲಿ ಡಿ ಮೈನರ್ ನೈನ್ತ್‌ನಿಂದ ಎ ಮೈನರ್ ನೈನ್ತ್‌ಗೆ ಮರಳುವಾಗಲೂ ಸಿ ಮತ್ತು ಇ ಸ್ವರಗಳನ್ನು ಹಿಡಿದೇ ಇದ್ದು, ಎಫ್ ಮತ್ತು ಎ ಗಳನ್ನು ಮಾತ್ರ ಜಿ ಮತ್ತು ಬಿ ಗಳಿಗೆ ಏರಿಸಿದರೆ ಸಾಕು.

ಪೆಡಲ್ ಬಗ್ಗೆ ಒಂದು ಮಾತು. ಐದು ಸ್ವರಗಳ ಕಾರ್ಡ್ ಮೇಲೆ ಹಿಂದಿನ ಕಾರ್ಡ್‌ನ ಶೇಷ ಉಳಿದರೆ ಸೆಮಿಟೋನ್‌ಗಳು ಗುಂಪುಗೂಡಿ ಎಲ್ಲವೂ ಕದಡುತ್ತದೆ. ಹೊಸ ಕಾರ್ಡ್‌ನ ಕೀಗಳನ್ನು ಒತ್ತುವ ಕ್ಷಣದಲ್ಲಿ ಕಾಲನ್ನು ಎತ್ತಿ, ಕಾರ್ಡ್ ಮೊಳಗಿದ ಮೇಲೆ ಮತ್ತೆ ಒತ್ತಬೇಕು. ಕೀ ಮತ್ತು ಪೆಡಲ್ ಎರಡನ್ನೂ ಒಟ್ಟಿಗೆ ಒತ್ತಬಾರದು. ಮೇಲಿನ ಡಿ, ಜಿ, ಸಿ ನಡೆಯನ್ನು ತೀರ ನಿಧಾನವಾಗಿ, ಪ್ರತಿ ಕಾರ್ಡ್‌ಗೆ ನಾಲ್ಕು ಎಣಿಕೆ ಕೊಟ್ಟು, ಮೊದಲು ಪೆಡಲ್ ಇಲ್ಲದೆ ನುಡಿಸಿ ಬೆರಳುಗಳಿಂದಲೇ ಸ್ವರಗಳನ್ನು ಕೂಡಿಸಲು ಬಂದ ಮೇಲೆ ಕಾಲನ್ನು ಸೇರಿಸಿಕೊಳ್ಳಿ.